ಗಾಜಿನ ಮೇಲೆ ಮರಳಿನ ಬರಹ

ಬೆಂಗಳೂರಿನ ಇಂದಿರಾನಗರದ 100 ಅಡಿ ರಸ್ತೆಯ ಕ್ಲಿನಿಕ್ಕಿನ ಬಾಗಿಲು, ಹಲಸೂರಿನ ಮನೆಯೊಂದರ ದೇವರಕೋಣೆಯ ಕದ, ಶಿವಾಜಿನಗರದ ಸಲೂನಿನ ಕನ್ನಡಿ, ಕೆ.ಆರ್. ಪುರದ ಅಪಾರ್ಟ್‌ಮೆಂಟಿನ ಬಚ್ಚಲುಮನೆ ಕಿಟಕಿ. ಎಲ್ಲೆಡೆಯೂ ಬಿಳಿ ಬಣ್ಣದಲ್ಲಿ ಬರೆದಂತೆ ಕಾಣುವ ಬಳ್ಳಿಗಳು, ಗೆರೆಗಳು, ಅಕ್ಷರಗಳು ಸಿಗುತ್ತವೆ. ಉಗುರಿನಿಂದ ಕೆರೆದು ನೋಡಿ, ಏನೂ ಏಳುವುದಿಲ್ಲ. ಅಲ್ಲಿ ಬಳಿದದ್ದು ಏನೂ ಇಲ್ಲ. ಗಾಜನ್ನೇ ಒಂದಿಷ್ಟು ತೆಗೆದಿದ್ದಾರೆ, ಅಷ್ಟೇ.

ಗಾಜಿನಂಗಡಿಗಳಲ್ಲಿ ಇದಕ್ಕೆಲ್ಲ ಒಟ್ಟಾರೆ ‘ಎಚಿಂಗ್’ ಅನ್ನುತ್ತಾರೆ. ಅದರಲ್ಲಿ ದಾರಿಗಳು ಎರಡು. ಒಂದು ಆಸಿಡ್‌ನದು. ಗಾಜನ್ನು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲದ ಗುಣವನ್ನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ಶೀಲೆ 1771ರಲ್ಲಿ ವಿವರಿಸಿದ. ಇನ್ನೊಂದು ಮರಳಿನದು. ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಬಿರುಗಾಳಿಯ ಮರಳು ಬಡಿದು ಮಂಕಾದ ಕಿಟಕಿ ಗಾಜುಗಳನ್ನು ಕಂಡು ಅವನಿಗೆ ಇದು ಹೊಳೆಯಿತು ಎಂಬ ಕಥೆಯೂ ಇದೆ.

1809ರಲ್ಲಿ ಬ್ರಿಟಿಷ್ ಸೇನೆ ನೆಲೆಯೂರಿದ ಬೆಂಗಳೂರಿನ ದಂಡು ಪ್ರದೇಶಕ್ಕೆ ಚಿತ್ರದ ಗಾಜು ಹೊಸದಲ್ಲ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚು 1866ರದು, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಈಗಿನ ಕಟ್ಟಡ 1882ರದು. ಎರಡರಲ್ಲೂ ಬಣ್ಣದ ಗಾಜಿನ ಕಿಟಕಿಗಳಿವೆ. ಬಣ್ಣದ ಗಾಜಿಗೂ ಎಚಿಂಗಿಗೂ ಹಳೆಯ ನಂಟು. ಚರ್ಚಿನ ಕಿಟಕಿಗಳಿಗೆ ಬಳಸುವ ಕೆಂಪು ಗಾಜು ಸಾಮಾನ್ಯವಾಗಿ ಪೂರ್ತಿ ಕೆಂಪಾಗಿರುವುದಿಲ್ಲ. ತಿಳಿಗಾಜಿನ ಮೇಲೆ ಕೆಂಪಿನದೊಂದು ತೆಳು ಪದರ ಇರುತ್ತದೆ. ಕೆಂಪಿನ ನಡುವೆ ಬಿಳಿ ನಕ್ಷತ್ರ ಬೇಕೆಂದರೆ ಆಸಿಡ್ ಹಾಕಿ ಆ ಪದರವನ್ನು ಅಷ್ಟೇ ಜಾಗದಲ್ಲಿ ತಿನ್ನಿಸುತ್ತಾರೆ.

ಇಂದಿನ ವರ್ಕ್‌ಶಾಪುಗಳಲ್ಲಿ ಮರಳಿನ ದಾರಿಯದೇ ಮೇಲುಗೈ. ಮೊದಲು ಗಾಜನ್ನು ಒರೆಸಿ ಅಂಟುಹಾಳೆ ಮೆತ್ತುತ್ತಾರೆ. ಡಿಸೈನನ್ನು ಬ್ಲೇಡಿನಿಂದಲೋ ಪ್ಲಾಟರ್ ಯಂತ್ರದಿಂದಲೋ ಕತ್ತರಿಸಿ, ಮಂಜಾಗಬೇಕಾದ ಭಾಗದ ಹಾಳೆಯನ್ನಷ್ಟೇ ಬಿಚ್ಚುತ್ತಾರೆ. ಆಮೇಲೆ ಕ್ಯಾಬಿನ್ನಿನೊಳಗೆ ಕಂಪ್ರೆಸರ್ ಗಾಳಿಯಲ್ಲಿ ನುಣ್ಣನೆಯ ಕಣಗಳನ್ನು ಊದುತ್ತಾರೆ. ಹಗುರ ಕೆಲಸಕ್ಕೆ 30–40 ಪಿಎಸ್‌ಐ ಒತ್ತಡ ಸಾಕು. ಗಟ್ಟಿಯಾದ ಗಾಜು ಕಣದ ಏಟಿಗೆ ಚೂರುಚೂರಾಗಿ ಸಿಡಿಯುತ್ತದೆ. ಮೆತ್ತನೆಯ ಹಾಳೆ ಅದೇ ಏಟನ್ನು ಪುಟಿಸಿ ಕಳಿಸಿಬಿಡುತ್ತದೆ. ಊದುವುದು ನಿಮಿಷಗಳ ಮಾತು. ಹೊತ್ತು ಹಿಡಿಯುವುದು ಹಾಳೆ ಕತ್ತರಿಸುವುದಕ್ಕೆ. ಎಲ್ಲಿ ಮುಚ್ಚಬೇಕು, ಎಲ್ಲಿ ಬಿಚ್ಚಬೇಕು ಎಂಬ ಲೆಕ್ಕದಲ್ಲೇ ಈ ಕಸುಬಿನ ಜೀವ ಇದೆ.

ದೇವರಕೋಣೆಯ ಬಾಗಿಲಿನ ನವಿಲನ್ನೇ ನೋಡಿ. ಎದುರಿನಿಂದ ಅದು ಉಬ್ಬಿ ನಿಂತಂತೆ ಕಾಣುತ್ತದೆ. ಮುಟ್ಟಿದರೆ ಗಾಜು ನುಣುಪು, ಹಿಂದೆ ಕೈಯಾಡಿಸಿದರೆ ಹಳ್ಳ. ಕೊರೆದದ್ದು ಹಿಂಬದಿಯಿಂದ, ಅದೂ ಎಡಬಲ ತಿರುಗಿಸಿ. ನೋಡುವವರಿಗೆ ಹತ್ತಿರ ಕಾಣಬೇಕಾದ ಎದೆಯ ಭಾಗದ ಹಾಳೆಯನ್ನು ಮೊದಲು ಬಿಚ್ಚಿ ಆಳವಾಗಿ ಕೊರೆಯುತ್ತಾರೆ. ಆಮೇಲೆ ರೆಕ್ಕೆ, ಕೊನೆಗೆ ಹಿಂದೆ ಸರಿಯಬೇಕಾದ ಗರಿ. ಈ ಸರದಿ ತಪ್ಪಿದರೆ ಗರಿ ಎದೆಯ ಮುಂದೆ ಬಂದು ಕೂರುತ್ತದೆ. ಒಮ್ಮೆ ಕೊರೆದದ್ದನ್ನು ಮತ್ತೆ ತುಂಬಲಾಗದು.

ಅಕ್ಷರಗಳದ್ದು ಬೇರೆಯೇ ಪೇಚು. ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ತಿದ್ದುಪಡಿ 2024ರಲ್ಲಿ ಬಂದಮೇಲೆ ಗಾಜಿನ ಮುಂಭಾಗದ ಮಳಿಗೆಗಳೂ ಕನ್ನಡ ಲಿಪಿಗೆ ಜಾಗ ಮಾಡಬೇಕಾಯಿತು. ‘ಪಾಠಶಾಲೆ’ ಎಂದು ಬರೆಯಬೇಕೆನ್ನಿ. ತಗಡಿನ ಅಚ್ಚಿನಲ್ಲಾದರೆ ‘ಠ’ದ ನಡುವಿನ ಚುಕ್ಕೆಯ ಸುತ್ತಲ ತಗಡು ಹಿಡಿತವಿಲ್ಲದೆ ಉದುರಿಹೋಗುತ್ತದೆ, ಸೇತುವೆ ಕಟ್ಟಿಯೇ ಕತ್ತರಿಸಬೇಕು. ಅಂಟುಹಾಳೆಯಲ್ಲಿ ಅದು ಇದ್ದಲ್ಲೇ ಕಚ್ಚಿಕೊಂಡಿರುತ್ತದೆ. ಆದರೆ ಒತ್ತಕ್ಷರದ ಸಣ್ಣ ಸುಳಿಗಳಲ್ಲಿ ಹಾಳೆಯ ಅಂಚು ಸ್ವಲ್ಪ ಎದ್ದರೂ ಕಣ ಒಳನುಗ್ಗಿ ಗೆರೆ ಕಲಸಿಹೋಗುತ್ತದೆ. ಅದಕ್ಕೇ ಊದುವ ಮುನ್ನ ಪ್ರತಿ ಅಂಚನ್ನೂ ಬೆರಳಿನಿಂದ ಒತ್ತಿ ನೋಡುವುದು.

ಮಂಜುಗಾಜಿಗೆ ಬೇಡಿಕೆ ಬರುವುದು ಅಂದಕ್ಕಾಗಿ ಮಾತ್ರವಲ್ಲ. ಗೋಡೆಗೆ ಗೋಡೆ ತಾಗುವ ನಗರದಲ್ಲಿ ಬೆಳಕು ಬೇಕು, ನೆರೆಮನೆಯ ಕಣ್ಣು ಬೇಡ. ಒರಟಾದ ಮೇಲ್ಮೈ ಬೆಳಕನ್ನು ತಡೆಯುವುದಿಲ್ಲ, ಚೆದುರಿಸುತ್ತದೆ. ಆ ಮುಖಕ್ಕೆ ನೀರು ಚಿಮುಕಿಸಿದರೆ ಮಾತ್ರ ಗುಳಿಗಳು ತುಂಬಿ, ಗಾಜು ಆರುವವರೆಗೆ ತಿಳಿಯಾಗಿಬಿಡುತ್ತದೆ. ಆದ್ದರಿಂದ ಸ್ನಾನದ ಮನೆಯಲ್ಲಿ ಮಂಜಿನ ಮುಖ ನೀರು ಬೀಳದ ಕಡೆಗಿರಬೇಕು. ಗಟ್ಟಿಗೊಳಿಸಿದ ಟಫನ್ಡ್ ಗಾಜು ಬೇಕಿದ್ದರೆ ಆಳದ ಕೊರೆತ ಮೊದಲೇ ಮುಗಿದಿರಬೇಕು. 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಥಟ್ಟನೆ ತಣಿಸಿದ ಆ ಗಾಜನ್ನು ಆಮೇಲೆ ಆಳಕ್ಕೆ ಕೆಣಕಿದರೆ ಇಡೀ ಹಾಳೆ ಪುಡಿಯಾಗಬಹುದು.

ಫ್ರಾಸ್ಟೆಡ್ ಸ್ಟಿಕ್ಕರ್ ಫಿಲ್ಮ್ ಈಗ ಈ ಕಸುಬಿನ ದೊಡ್ಡ ಪೈಪೋಟಿ. ಅಗ್ಗ, ಬೇಗ ಅಂಟಿಸಬಹುದು, ಬೇಡವಾದರೆ ಕಿತ್ತೆಸೆಯಬಹುದು. ಆದರೆ ವರ್ಷಗಳು ಕಳೆದಂತೆ ಅಂಚು ಏಳುತ್ತದೆ, ಆಳವಂತೂ ಅದಕ್ಕೆ ಬಾರದು. ಇತ್ತ ಎಲ್‌ಇಡಿ ಕನ್ನಡಿಗಳು ಮರಳಿಗೆ ಹೊಸ ಕೆಲಸ ಕೊಟ್ಟಿವೆ. ಕನ್ನಡಿಯ ಹಿಂದಿನ ಬೆಳ್ಳಿಲೇಪವನ್ನು ಪಟ್ಟಿಯಾಗಿ ಊದಿ ತೆಗೆದರೆ, ಹಿಂದಿಟ್ಟ ದೀಪದ ಬೆಳಕು ಅಲ್ಲಿಂದಷ್ಟೇ ಹೊರಬರುತ್ತದೆ.

ಈ ಬೆಡಗಿಗೆ ತೆರುವ ಬೆಲೆಯೂ ಉಂಟು. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದೊಳಕ್ಕೆ ಇಳಿದು ದೇಹದ ಕ್ಯಾಲ್ಸಿಯಂಗೆ ಕೈಹಾಕುತ್ತದೆ. ಉರಿ ಕೆಲವೊಮ್ಮೆ ತಡವಾಗಿ ಗೊತ್ತಾಗುತ್ತದೆ. ಅದನ್ನು ಬಳಸುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಂತೆ ಇರಲೇಬೇಕು. ಮರಳಿನ ಸಿಲಿಕಾ ಧೂಳು ಉಸಿರಿಗಿಳಿದರೆ ಸಿಲಿಕೋಸಿಸ್. ಹಳೆ ಮದ್ರಾಸು ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಸಿಗುವ ಕೋಲಾರ ಸೀಮೆಯ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ್ದೂ ಇದೇ ರೋಗ. ಶ್ವಾಸಕೋಶಕ್ಕೆ ಒಮ್ಮೆ ಬಿದ್ದ ಕಲೆ ಮಾಸುವುದಿಲ್ಲ. ಈ ರೋಗವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ಹೀಗಾಗಿ ತಿಳಿದವರು ‘ಸ್ಯಾಂಡ್‌ಬ್ಲಾಸ್ಟಿಂಗ್’ ಎಂಬ ಹೆಸರಿನಲ್ಲಷ್ಟೇ ‘ಸ್ಯಾಂಡ್’ ಉಳಿಸಿಕೊಂಡು ಮರಳಿನ ಬದಲು ಅಲ್ಯೂಮಿನಿಯಂ ಆಕ್ಸೈಡ್ ಬಳಸುತ್ತಾರೆ. ಅದು ಮರಳಿಗಿಂತ ಗಟ್ಟಿ, ಸೋಸಿ ಮತ್ತೆ ಮತ್ತೆ ಬಳಸಲೂ ಬರುತ್ತದೆ. ಆಗಲೂ ಗಾಜಿನದೇ ಧೂಳು ಏಳುವುದರಿಂದ ಮುಚ್ಚಿದ ಕ್ಯಾಬಿನ್ನು, ಧೂಳು ಹೀರುವ ಫ್ಯಾನು, ಸರಿಯಾದ ಮಾಸ್ಕು ತಪ್ಪುವಂತಿಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರ ಇಲ್ಲಿ ಲೆಕ್ಕಕ್ಕಿಲ್ಲ.

ಬಾಗಿಲಿಗೊಂದು ಡಿಸೈನ್ ಹಾಕಿಸಲು ಹೊರಟವರು ಚದರಡಿಗೆ ಎಷ್ಟು ಎಂದು ಕೇಳಿಯೇ ಕೇಳುತ್ತಾರೆ. ಜೊತೆಗೆ, ಊದುವುದು ಏನನ್ನು, ಊದುವವರ ಮುಖಕ್ಕೆ ಏನಿದೆ ಎಂದೂ ಕೇಳಿ. ಗಿರಾಕಿ ಕೇಳಲಾರಂಭಿಸಿದರೆ ಮಾಸ್ಕಿನ ಖರ್ಚೂ ಚದರಡಿಯ ದರದೊಳಗೆ ಸೇರುತ್ತದೆ.