ಕಾಂಗ್ರೆಸ್ ಕಸ ರಕ್ತದ ರಿಪೋರ್ಟಿನಲ್ಲಿ ಸಿಗುತ್ತದೆಯೇ?

ಮುಂಗಾರು ನಾಲ್ಕು ಹನಿ ಹಾಕಿತೆಂದರೆ ಗೋಕಾಕ ಕಡೆಯ ಕುಲಗೋಡದ ಸುತ್ತಲಿನ ಬದು, ಕಾಲುವೆ ದಂಡೆ, ಖಾಲಿ ಬಿದ್ದ ಸೈಟು, ಎಲ್ಲೆಂದರಲ್ಲಿ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಏಳುತ್ತದೆ. ಅದನ್ನು ಕಿತ್ತು ಬಂದ ಕೆಲವರಿಗೆ ಕಣ್ಣಿನ ರೆಪ್ಪೆ ಊದುತ್ತದೆ, ಕುತ್ತಿಗೆಯೂ ಮೊಣಕೈ ಮಡಿಕೆಯೂ ಕೆಂಪಾಗಿ ತುರಿಕೆ ಹತ್ತುತ್ತದೆ. ಇನ್ನು ಕೆಲವರಿಗೆ ಚರ್ಮಕ್ಕೆ ಏನೂ ಆಗುವುದಿಲ್ಲ. ಸಾಲು ಸೀನು, ಮೂಗಿನಿಂದ ನೀರು, ರಾತ್ರಿಯಾದರೆ ದಮ್ಮು. ಇಬ್ಬರಿಗೂ ಕಟ್ಟೆಯ ಮೇಲಿನ ಸಲಹೆ ಒಂದೇ: “ಗೋಕಾಕಕ್ಕ ಹೋಗಿ ರಕ್ತ ಕೊಟ್ಟ ಬಾ, ಯಾವುದರ ಅಲರ್ಜಿ ಐತಿ ಅಂತ ಎಲ್ಲಾ ಬರತೈತಿ.”

ಎಲ್ಲಾ ಬರುವುದಿಲ್ಲ. ಚರ್ಮ ತುರಿಸುವವರಿಗಂತೂ ಆ ರಿಪೋರ್ಟಿನಿಂದ ಉತ್ತರ ಸಿಗುವುದೇ ಕಷ್ಟ.

ಗಾಳಿಯಲ್ಲಿ ಬರುವ ಅಲರ್ಜಿಕಾರಕಗಳಿಗಾಗಿ ಮಾಡುವ ರಕ್ತಪರೀಕ್ಷೆ ಹುಡುಕುವುದು ಐಜಿಇ ಎಂಬ ಪ್ರತಿಕಾಯವನ್ನು. 1966ರಲ್ಲಿ ಅಮೆರಿಕದಲ್ಲಿ ಇಷಿಜಾಕಾ ದಂಪತಿ, 1967ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಚ್ ಬೇರೆಬೇರೆ ದಾರಿಯಿಂದ ಇದನ್ನು ಕಂಡುಕೊಂಡರು. ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ 1968ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಸೀನು, ಮೂಗು ಸೋರುವುದು, ಕಣ್ಣು ತುರಿಕೆ, ಅಲರ್ಜಿಯ ದಮ್ಮು, ಇವೆಲ್ಲ ಬಹುಮಟ್ಟಿಗೆ ಇದರ ಕೆಲಸ. ಕಾಂಗ್ರೆಸ್ ಕಸದ ಚರ್ಮರೋಗದ ಹಾದಿ ಬೇರೆ. ಗಿಡದ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕ ಇದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ತೆರೆದ ಚರ್ಮಕ್ಕೆ ಕೂತಾಗ ಟಿ-ಕೋಶಗಳು ಕೆರಳುತ್ತವೆ. ಒಂದೆರಡು ದಿನ ತಡವಾಗಿ ಉರಿ, ತುರಿಕೆ ಏಳುತ್ತದೆ. ಈ ಜಗಳದಲ್ಲಿ ಐಜಿಇಗೆ ಮುಖ್ಯ ಪಾತ್ರವಿಲ್ಲ. ಇದಕ್ಕೆ ಬೇಕಾದದ್ದು ಪ್ಯಾಚ್ ಟೆಸ್ಟ್: ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೆಯುತ್ತಾರೆ, ಆಗೊಮ್ಮೆ ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅದನ್ನು ಮಾಡುವವರು ಚರ್ಮರೋಗ ತಜ್ಞರು, ಲ್ಯಾಬಿನವರಲ್ಲ. ರಕ್ತದ ರಿಪೋರ್ಟು ನೆಗೆಟಿವ್ ಬಂತೆಂದು ಮತ್ತೆ ಬರಿಗೈಯಲ್ಲಿ ಕಸ ಕೀಳಲು ಇಳಿದವರ ಚರ್ಮ ವರ್ಷದಿಂದ ವರ್ಷಕ್ಕೆ ದಪ್ಪವಾಗಿ, ಕಪ್ಪಾಗಿ, ಒರಟಾಗುತ್ತ ಹೋಗುತ್ತದೆ.

ಹಾಗಾದರೆ ಸೀನುವವರ ಮಾತೇನು? ಅವರಿಗೆ ಇದೇ ಕಸದ ಪರಾಗದಿಂದ ತೊಂದರೆ ಆಗುತ್ತಿರಬಹುದು, ಅಲ್ಲಿ ಐಜಿಇ ಇದ್ದೇ ಇದೆ. ಇದನ್ನು ಗಟ್ಟಿಯಾಗಿ ತೋರಿಸಿದ ಕೆಲಸ ನಮ್ಮ ರಾಜ್ಯದ್ದೇ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಶ್ರೀರಾಮರಾವ್ ತಂಡ 1991ರಲ್ಲಿ ಪಾರ್ಥೇನಿಯಂ ಪರಾಗದಿಂದ ಬರುವ ಮೂಗಿನ ಅಲರ್ಜಿಯ ಕುರಿತು ಪ್ರಕಟಿಸಿದ ಅಧ್ಯಯನ. ಇದೇ ಪರಾಗ ಮತ್ತು ಅಮೆರಿಕದ ರ‍್ಯಾಗ್‌ವೀಡ್ ಪರಾಗಗಳ ಪ್ರೋಟೀನುಗಳು ಒಂದನ್ನೊಂದು ಹೋಲುತ್ತವೆ, ಒಂದಕ್ಕೆ ಹುಟ್ಟಿದ ಐಜಿಇ ಇನ್ನೊಂದನ್ನೂ ಹಿಡಿಯುತ್ತದೆ ಎಂಬುದನ್ನೂ ಅವರೇ ತೋರಿಸಿದರು.

ಇಲ್ಲಿಂದ ಎರಡನೆಯ ತಪ್ಪು ಕಲ್ಪನೆಗೆ ಬರಬಹುದು: “ದೊಡ್ಡ ಪ್ಯಾಕೇಜು ಮಾಡಿಸಿದರ ಯಾವುದೂ ತಪ್ಪೂದಿಲ್ಲ.” ಪರೀಕ್ಷೆ ನಡೆಯುವ ಬಗೆ ನೋಡಿದರೆ ಇದರ ದೋಷ ತಿಳಿಯುತ್ತದೆ. ಒಂದು ಪರಾಗದ ಅಥವಾ ಧೂಳಿನ ನುಸಿಯ ಪ್ರೋಟೀನನ್ನು ಸ್ಪಂಜಿನಂಥ ವಸ್ತುವಿಗೆ ಅಂಟಿಸಿಟ್ಟಿರುತ್ತಾರೆ. ಅದರ ಮೇಲೆ ನಿಮ್ಮ ರಕ್ತದ ಸೀರಂ ಹಾಕುತ್ತಾರೆ. ಆ ಪ್ರೋಟೀನನ್ನು ಗುರುತಿಸುವ ಐಜಿಇ ಇದ್ದರೆ ಕಚ್ಚಿಕೊಳ್ಳುತ್ತದೆ. ಉಳಿದದ್ದನ್ನು ತೊಳೆದು, ಕಚ್ಚಿಕೊಂಡದ್ದನ್ನು ಹೊಳಪಿನಿಂದ ಅಳೆಯುತ್ತಾರೆ. ಸ್ಪಂಜಿಗೆ ಏನು ಅಂಟಿಸಿದ್ದಾರೋ ಅದರ ಸುದ್ದಿ ಮಾತ್ರ ಬರುತ್ತದೆ. ಹೊರದೇಶದಲ್ಲಿ ತಯಾರಾದ ಹಲವು ಪಟ್ಟಿಗಳಲ್ಲಿ ಬರ್ಚ್ ಮರ, ಟಿಮೊಥಿ ಹುಲ್ಲು, ರ‍್ಯಾಗ್‌ವೀಡ್ ಇರುತ್ತವೆ. ಹೊಲದ ಬದುವಿನಲ್ಲಿ ದಿನಾ ಕಾಣುವ ಪಾರ್ಥೇನಿಯಂ ಅವುಗಳಲ್ಲಿ ಇದ್ದೇ ಇರುತ್ತದೆ ಎಂಬ ಖಾತ್ರಿಯಿಲ್ಲ. ರ‍್ಯಾಗ್‌ವೀಡ್ ಎಂಬ ಹೆಸರನ್ನೇ ಕೇಳದ ರೈತನ ರಿಪೋರ್ಟಿನಲ್ಲಿ ಅದು ಪಾಸಿಟಿವ್ ಬಂದರೆ ಅದರ ಹಿಂದೆ ನಮ್ಮ ಕಾಂಗ್ರೆಸ್ ಕಸ ಅಡಗಿ ಕೂತಿರಬಹುದು. ನೂರಾರು ಹೆಸರಿನ ಪಟ್ಟಿಗೆ ದುಡ್ಡು ಕೊಡುವುದಕ್ಕಿಂತ, ರೋಗಿಯ ಕತೆ ಕೇಳಿ ಆರಿಸಿದ ಐದಾರು ಹೆಸರು ಹೆಚ್ಚು ಕೆಲಸಕ್ಕೆ ಬರುತ್ತವೆ ಎಂಬುದು ನನ್ನ ಅಭಿಪ್ರಾಯ. ಹಾಳೆ ದಪ್ಪವಾದಷ್ಟೂ ಗೊಂದಲ ದಪ್ಪ.

ಹುಲ್ಲಿನ ವಿಷಯ ಇನ್ನಷ್ಟು ಸೂಕ್ಷ್ಮ. ಕಬ್ಬು, ಗೋವಿನಜೋಳ, ಜೋಳ, ಕರಿಕೆ, ಇವೆಲ್ಲ ಹುಲ್ಲಿನ ಕುಲದವು. ಹುಲ್ಲುಗಳ ಪರಾಗದಲ್ಲಿ ಮೊದಲನೆಯ ಗುಂಪಿನ ಪ್ರೋಟೀನು ಬಹುತೇಕ ಎಲ್ಲದರಲ್ಲೂ ಇರುತ್ತದೆ, ಆದರೆ ಐದನೆಯ ಗುಂಪಿನದು ಟಿಮೊಥಿಯಂಥ ತಂಪು ನಾಡಿನ ಹುಲ್ಲುಗಳಿಗೇ ಸೀಮಿತ, ಕರಿಕೆಯಲ್ಲಿ ಇಲ್ಲ. ಆದ್ದರಿಂದ ಟಿಮೊಥಿಯ ಮೇಲೆ ಮಾಡಿದ ಪರೀಕ್ಷೆಯಿಂದ ನಮ್ಮ ಕಡೆಯ ಹುಲ್ಲಿನ ಅಲರ್ಜಿಯನ್ನು ಅಂದಾಜು ಮಾಡುವುದು ಅಷ್ಟು ಸರಿಯಲ್ಲ. ಕರಿಕೆಯ ‘ಸಿನ್ ಡಿ 1’ ಎಂಬ ಅಣುವಿನ ಮೇಲೆ ಮಾಡಿದ್ದು ಹತ್ತಿರದ್ದು. ಹೀಗೆ ಇಡೀ ಪರಾಗದ ಸಾರದ ಬದಲು ಒಂದೊಂದೇ ಅಣುವನ್ನು ಇಟ್ಟು ಪರೀಕ್ಷಿಸುವ ವಿಧಾನ ಈಗ ಬಂದಿದೆ. 112 ಅಣುಗಳ ಚಿಪ್ಪಿಗೆ 30 ಮೈಕ್ರೋಲೀಟರ್ ಸೀರಂ ಸಾಕು, ಅಂದರೆ ಒಂದು ಹನಿಗಿಂತ ಕಡಿಮೆ. ನಿಜವಾದ ಅಲರ್ಜಿ ಯಾವುದು, ಬರೀ ಹೋಲಿಕೆಯಿಂದ ಪಾಸಿಟಿವ್ ಬಂದದ್ದು ಯಾವುದು ಎಂದು ಬೇರ್ಪಡಿಸಲು ಇದು ಬೇಕಾಗುತ್ತದೆ, ಅದೂ ಮುಖ್ಯವಾಗಿ ಅಲರ್ಜಿಯ ಇಂಜೆಕ್ಷನ್ ಚಿಕಿತ್ಸೆ ಶುರುಮಾಡುವ ಮುಂಚೆ. ಎಲ್ಲರೂ ಮಾಡಿಸಬೇಕಾದ ಪರೀಕ್ಷೆ ಇದಲ್ಲ.

“ಐಜಿಇ ಎಂಟು ನೂರು ಬಂದೈತಿ, ರಕ್ತದಾಗ ಅಲರ್ಜಿ ತುಂಬೇತಿ.” ಈ ಮಾತಿನಲ್ಲಿ ಎರಡು ಪರೀಕ್ಷೆಗಳು ಒಂದಾಗಿಬಿಟ್ಟಿವೆ. ಒಟ್ಟು ಐಜಿಇ ಅಳೆಯುವ ಸಸ್ತಾ ಪರೀಕ್ಷೆ ಒಂದು, ನಿರ್ದಿಷ್ಟ ವಸ್ತುವಿನ ಐಜಿಇ ಅಳೆಯುವುದು ಇನ್ನೊಂದು. ಒಟ್ಟು ಐಜಿಇ ಏರಲು ಹೊಟ್ಟೆಯ ಜಂತುಹುಳವೂ ಸಾಕು. ಗದ್ದೆ-ಕೆಸರಲ್ಲಿ ಬರಿಗಾಲಲ್ಲಿ ಓಡಾಡುವ ಊರುಗಳಲ್ಲಿ ಕೊಕ್ಕೆಹುಳದ ನೆನಪು ವೈದ್ಯರಿಗೆ ಮೊದಲು ಬರಬೇಕು. ಚರ್ಮದ ಇಸಬು ಇದ್ದರೂ ಏರುತ್ತದೆ, ಬೀಡಿ ಸೇದುವವರಲ್ಲೂ ಹೆಚ್ಚಿರುತ್ತದೆ. ಇನ್ನೊಂದು ಕಡೆ ಒಟ್ಟು ಅಂಕಿ ಸಾಮಾನ್ಯವಾಗಿದ್ದೂ ನುಸಿಯ ಅಲರ್ಜಿಯಿಂದ ಬೆಳಗಿನ ಜಾವ ಎದ್ದೆದ್ದು ಸೀನುವವರಿದ್ದಾರೆ.

ನಿರ್ದಿಷ್ಟ ಐಜಿಇಯಲ್ಲಿ 0.35ಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್ ಎನ್ನುವುದು ಹಳೆಯ ಗೆರೆ. ಹೊಸ ಯಂತ್ರಗಳು 0.1ರವರೆಗೂ ಅಳೆಯುತ್ತವೆ. ಸೊನ್ನೆಯಿಂದ ಆರರವರೆಗಿನ ಕ್ಲಾಸುಗಳಲ್ಲಿ ಆರು ಬಂದವನಿಗೆ ಕಾಯಿಲೆ ಜೋರು, ಎರಡು ಬಂದವನಿಗೆ ಹಗುರ ಎಂದೇನೂ ಇಲ್ಲ. ಪಾಸಿಟಿವ್ ಅಂದರೆ ದೇಹ ಆ ವಸ್ತುವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ ಅರ್ಥ. ಜಿರಳೆಗೆ ಪಾಸಿಟಿವ್ ಬಂದೂ ಜೀವನದಲ್ಲಿ ಒಮ್ಮೆಯೂ ಸೀನದವರು ಬೇಕಾದಷ್ಟು. ನುಸಿ ಮತ್ತು ಜಿರಳೆಯಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಸಿಗಡಿಯಲ್ಲೂ ಇದೆ. ಹಾಗಾಗಿ ಸಿಗಡಿ ಮುಟ್ಟದ ಮನೆಯವರ ರಿಪೋರ್ಟಿನಲ್ಲೂ ಸಿಗಡಿ ಪಾಸಿಟಿವ್ ಬಂದು ದಂಗುಬಡಿಸುತ್ತದೆ.

ಈ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಸಿಟ್ರಿಜಿನ್ ಗುಳಿಗೆ ಬಿಡಬೇಕಿಲ್ಲ. ಅದನ್ನು ಕೆಲವು ದಿನ ಬಿಡಬೇಕಾದದ್ದು ಚರ್ಮಕ್ಕೆ ಚುಚ್ಚಿ 15–20 ನಿಮಿಷದಲ್ಲಿ ನೋಡುವ ಪ್ರಿಕ್ ಟೆಸ್ಟಿಗೆ. ಗುಳಿಗೆ ಬಿಟ್ಟರೆ ತೊಂದರೆ ಹೆಚ್ಚುವವರಿಗೆ, ಮೈತುಂಬ ಇಸಬು ಇದ್ದು ಚುಚ್ಚಲು ಜಾಗವಿಲ್ಲದವರಿಗೆ ರಕ್ತಪರೀಕ್ಷೆ ನಿಜಕ್ಕೂ ಅನುಕೂಲ.

ನುಸಿಯ ಬಗ್ಗೆ ಒಂದು ಮಾತು. ಧೂಳು ಅಂದರೆ ರಸ್ತೆಯ ಕೆಂಧೂಳು ಎಂದೇ ಎಲ್ಲರ ಎಣಿಕೆ, ಟ್ರ್ಯಾಕ್ಟರು ಹೋದಾಗ ಮೂಗು ಮುಚ್ಚಿಕೊಳ್ಳುತ್ತಾರೆ. ಅಲರ್ಜಿಯ ಧೂಳು ಇರುವುದು ಹಾಸಿಗೆಯಲ್ಲಿ. ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟಿರುವ ನುಸಿ ಗಾದಿ, ದಿಂಬು, ಅಜ್ಜಿ ಹೊಲಿದ ಕೌದಿಯ ಪದರಗಳಲ್ಲಿ ಬದುಕಿ, ಹಿಕ್ಕೆ ಹಾಕುತ್ತದೆ. ‘ಡರ್ ಪಿ 1’ ಎಂಬ ಅಣು ಆ ಹಿಕ್ಕೆಯಲ್ಲೇ ಹೆಚ್ಚು. ಕೌದಿ ಎಸೆಯಬೇಕಿಲ್ಲ, 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ.

ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ಊರೆಲ್ಲ ಕೆಮ್ಮುತ್ತದೆ. “ಹೊಗಿ ಅಲರ್ಜಿ” ಎಂದು ಪರೀಕ್ಷೆ ಮಾಡಿಸಿದರೆ ಏನೂ ಬರದು, ಯಾಕೆಂದರೆ ಹೊಗೆಗೆ ಐಜಿಇ ಇಲ್ಲ. ಅದು ಶ್ವಾಸನಾಳವನ್ನು ನೇರವಾಗಿ ಕೆರಳಿಸುತ್ತದೆ, ಮೆಣಸಿನಕಾಯಿ ಒಗ್ಗರಣೆಯ ಘಾಟೂ ಅಷ್ಟೇ. ನೆಗೆಟಿವ್ ರಿಪೋರ್ಟು ಹಿಡಿದು ದಮ್ಮಿನ ರೋಗಿ “ಹೊಗೆಯಿಂದ ನನಗೇನೂ ಇಲ್ಲ” ಎಂದುಕೊಂಡರೆ ಅನಾಹುತ.

ಹುಣಶ್ಯಾಳ, ಕೊಳವಿ, ಸಂಕೇಶ್ವರದಂಥ ಕಡೆ ಸಕ್ಕರೆ ಕಾರ್ಖಾನೆಗಳಿರುವ ಈ ಸೀಮೆಯಲ್ಲಿ ಇನ್ನೊಂದನ್ನು ಹೇಳಲೇಬೇಕು. ರಸ ಹಿಂಡಿದ ಬಗ್ಯಾಸ್ ರಾಶಿ ತಿಂಗಳುಗಟ್ಟಲೆ ಬಿದ್ದು ಒಳಗೇ ಕಾವೇರಿದರೆ ಅದರಲ್ಲಿ ಥರ್ಮೋಆಕ್ಟಿನೋಮೈಸಿಸ್ ಸಕ್ಕರಿ ಎಂಬ ಸೂಕ್ಷ್ಮಜೀವಿ ಬೆಳೆಯುತ್ತದೆ. ಬೂಷ್ಟು ಹಿಡಿದ ಆ ಧೂಳು ಪುಪ್ಪುಸದ ಆಳಕ್ಕೆ ಇಳಿದು ತರುವ ರೋಗವೇ ಬಗ್ಯಾಸೋಸಿಸ್. 1941ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಇದನ್ನು ಮೊದಲು ವರ್ಣಿಸಿದರು. ಕೆಲಸ ಮುಗಿಸಿ ಬಂದ ನಾಲ್ಕೆಂಟು ಗಂಟೆಗೆ ಚಳಿಜ್ವರ, ಒಣಕೆಮ್ಮು, ಏದುಸಿರು ಬರುತ್ತವೆ, ಆದರೆ ಸೀನು ಇರುವುದಿಲ್ಲ. ಇದೂ ಐಜಿಇಯ ಕೆಲಸವಲ್ಲ, ಅಲರ್ಜಿ ಪ್ಯಾನೆಲ್ ಪೂರ್ತಿ ನೆಗೆಟಿವ್ ಬಂದೀತು. ನ್ಯುಮೋನಿಯಾ ಎಂದೋ ಟಿಬಿ ಎಂದೋ ಔಷಧಿ ನಡೆಯುತ್ತ ಹೋದರೆ ಪುಪ್ಪುಸದಲ್ಲಿ ಗಾಯದ ಗುರುತು ಕಟ್ಟಿಕೊಳ್ಳುತ್ತದೆ. ಎದೆಯ ಸಿ.ಟಿ. ಸ್ಕ್ಯಾನ್, ಉಸಿರಿನ ಪರೀಕ್ಷೆ, ಬೂಷ್ಟಿನ ವಿರುದ್ಧದ ಐಜಿಜಿ ಪ್ರತಿಕಾಯ, ಇವನ್ನು ಎದೆರೋಗ ತಜ್ಞರು ನೋಡುತ್ತಾರೆ. ಅವರ ಮುಂದೆ ಕೂತಾಗ ಬಗ್ಯಾಸ್ ಯಾರ್ಡಿನಲ್ಲಿ ಕೆಲಸ ಎಂಬುದನ್ನೂ, ಹಂಗಾಮು ಮುಗಿದು ಮನೆಯಲ್ಲಿದ್ದಾಗ ಜ್ವರ ಬರುತ್ತಿತ್ತೋ ಇಲ್ಲವೋ ಎಂಬುದನ್ನೂ ಕೇಳದಿದ್ದರೂ ನೀವೇ ಹೇಳಿ.