ಹಡಗೇರಿ ಬಂದ ಅನಿಲ

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಮಟಮಾರಿ ಎಂಬ ಊರಿದೆ. ಈ ಊರಿನ ಸುತ್ತಿನಲ್ಲಿಯೂ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ಗದ್ದೆಗಳಲ್ಲಿಯೂ, ನಾರಾಯಣಪುರ ಬಲದಂಡೆ ಕಾಲುವೆಯನ್ನು ನಂಬಿದ ದೇವದುರ್ಗದ ಹೊಲಗಳಲ್ಲಿಯೂ ಮುಂಗಾರು ಹಿಡಿದೊಡನೆ ರೈತನು ಎರಡು ವಸ್ತುಗಳಿಗಾಗಿ ಕಾಯುತ್ತಾನೆ. ಒಂದು ನೀರು, ಇನ್ನೊಂದು ಯೂರಿಯಾ ಚೀಲ. ನೀರು ಎಲ್ಲಿಂದ ಬರುತ್ತದೆಂಬುದು ಅವನಿಗೆ ಗೊತ್ತು. ಆದರೆ ನಲವತ್ತೈದು ಕಿಲೋಗ್ರಾಂ ತೂಗುವ ಆ ಬಿಳಿಯ ಹರಳುಗಳ ಹಿಂದೆ ಒಂದು ಕಡಲಯಾನವೇ ಅಡಗಿರಬಹುದೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಯೂರಿಯಾದ ಸಾರವೆಲ್ಲ ಅದರಲ್ಲಿರುವ ಸಾರಜನಕ. ಗಾಳಿಯಲ್ಲಿ ಸಾರಜನಕ ಹೇರಳವಾಗಿದ್ದರೂ ಪೈರು ಅದನ್ನು ನೇರವಾಗಿ ಹೀರಲಾರದು. ಅದನ್ನು ಜಲಜನಕದೊಡನೆ ಕೂಡಿಸಿ ಅಮೋನಿಯಾ ಮಾಡಬೇಕು. ಅಮೋನಿಯಾವನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ ಯೂರಿಯಾ ಮಾಡಬೇಕು. ಈ ಕಾರ್ಯಕ್ಕೆ ಬೇಕಾದ ಜಲಜನಕವನ್ನು ಒದಗಿಸುವುದೇ ನೈಸರ್ಗಿಕ ಅನಿಲ. ಅದರ ಮುಖ್ಯಾಂಶ ಮೀಥೇನ್. ನಮ್ಮ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧದಷ್ಟನ್ನು ನಾವು ಹೊರದೇಶಗಳಿಂದ ಕೊಂಡು ತರಬೇಕಾಗಿದೆ. ನೆಲದ ಮೇಲಾದರೆ ಕೊಳವೆಯಲ್ಲಿ ಹರಿಸಬಹುದು. ನಡುವೆ ಸಮುದ್ರವಿದ್ದರೆ ಮಾಡುವುದೇನು?

ಗಾಳಿಯಂತೆ ಹರಡಿಕೊಳ್ಳುವ ವಸ್ತುವನ್ನು ಇದ್ದಂತೆಯೇ ಹಡಗಿಗೆ ತುಂಬಿದರೆ ಹಡಗಿನ ತುಂಬ ಅನಿಲವಿದ್ದರೂ ಅದರ ಬೆಲೆ ಪ್ರಯಾಣದ ಖರ್ಚಿಗೂ ಸಾಲದು. ಆದುದರಿಂದ ಅದನ್ನು ಕುಗ್ಗಿಸಬೇಕು. ಮೀಥೇನನ್ನು ಸೊನ್ನೆಗಿಂತ 162 ಡಿಗ್ರಿ ಸೆಂಟಿಗ್ರೇಡ್ ಕೆಳಗಿನವರೆಗೆ ತಂಪುಗೊಳಿಸಿದರೆ ಅದು ನೀರಿನಂತೆ ತಿಳಿಯಾದ ದ್ರವವಾಗುತ್ತದೆ. ಆಗ ಅದು ಆಕ್ರಮಿಸುವ ಸ್ಥಳ ಸುಮಾರು ಆರು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದನ್ನೇ ದ್ರವೀಕೃತ ನೈಸರ್ಗಿಕ ಅನಿಲವೆಂದು ಕರೆಯುತ್ತಾರೆ. ಅಡಿಗೆಮನೆಯ ಸಿಲಿಂಡರಿನಲ್ಲಿರುವ ಅನಿಲ ಬೇರೆ. ಅದು ಒತ್ತಡದಿಂದಲೇ ದ್ರವವಾಗುತ್ತದೆ. ಮೀಥೇನಾದರೋ ಸಾಧಾರಣ ಉಷ್ಣತೆಯಲ್ಲಿ ಎಷ್ಟು ಒತ್ತಿದರೂ ದ್ರವವಾಗದು. ಚಳಿಗೆ ಮಾತ್ರ ಮಣಿಯುತ್ತದೆ. ಬೇಸಗೆಯಲ್ಲಿ ನಲವತ್ತು ಡಿಗ್ರಿಯ ಬಿಸಿಲನ್ನು ಕಂಡ ರಾಯಚೂರಿನವರು ಈ ಚಳಿಯನ್ನು ಊಹಿಸಿಕೊಳ್ಳುವುದೂ ಕಷ್ಟ.

ಈ ಚಳಿಯೇ ಹಡಗು ಕಟ್ಟುವವರಿಗೆ ಮೊದಲ ಸಮಸ್ಯೆಯಾಯಿತು. ಸಾಮಾನ್ಯ ಉಕ್ಕು ಅಂತಹ ಶೈತ್ಯದಲ್ಲಿ ಗಾಜಿನಂತೆ ಪೆಡಸಾಗಿ ಬಿರಿಯುತ್ತದೆ. ಇದರ ಬೆಲೆಯನ್ನು ಜನರು ಪ್ರಾಣದಿಂದಲೇ ತೆರಬೇಕಾಯಿತು. 1944ರ ಅಕ್ಟೋಬರ್ 20ರಂದು ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ದ್ರವಾನಿಲದ ತೊಟ್ಟಿಯೊಂದು ಒಡೆದು, ಹೊರಬಂದ ದ್ರವ ಚರಂಡಿಗಳಲ್ಲಿ ಹರಿದು ಹೊತ್ತಿಕೊಂಡಿತು. ಸುಮಾರು 130 ಮಂದಿ ಸತ್ತರು. ಆ ಬಳಿಕ ಅನೇಕ ವರ್ಷ ಈ ಉದ್ಯಮ ಮುಂದಡಿಯಿಡಲು ಅಂಜಿತು. ತಕ್ಕ ಲೋಹ ಯಾವುದು, ಸುರಕ್ಷಿತ ದೂರವೆಷ್ಟು ಎಂಬುದನ್ನು ಚೆನ್ನಾಗಿ ಅರಿತ ಮೇಲೆ 1959ರಲ್ಲಿ 'ಮೀಥೇನ್ ಪಯೊನೀರ್' ಎಂಬ ಹಡಗು ಅಮೆರಿಕದ ಲೂಸಿಯಾನಾದಿಂದ ಹೊರಟು ಅಟ್ಲಾಂಟಿಕ್ ಸಾಗರವನ್ನು ದಾಟಿ, ಇಂಗ್ಲೆಂಡಿನ ಕ್ಯಾನ್ವೆ ದ್ವೀಪಕ್ಕೆ ದ್ರವಾನಿಲವನ್ನು ಸುರಕ್ಷಿತವಾಗಿ ಒಯ್ದಿತು. 1964ರಲ್ಲಿ ಆಲ್ಜೀರಿಯದಿಂದ ಇಂಗ್ಲೆಂಡಿಗೆ ಕ್ರಮಬದ್ಧವಾದ ವ್ಯಾಪಾರ ಆರಂಭವಾಯಿತು.

ಇಂದಿನ ಹಡಗುಗಳ ತೊಟ್ಟಿಗಳನ್ನು ಅಲ್ಯೂಮಿನಿಯಂ, ನಿಕ್ಕಲ್ ಬೆರೆತ ಉಕ್ಕು ಮುಂತಾದ ಚಳಿಗೆ ಬೆದರದ ಲೋಹಗಳಿಂದ ರಚಿಸುತ್ತಾರೆ. ಕೆಲವು ಹಡಗುಗಳಲ್ಲಿ ತೊಟ್ಟಿಗಳು ದೊಡ್ಡ ಗೋಲಗಳಂತೆ ಅಟ್ಟದ ಮೇಲೆ ಎದ್ದು ಕಾಣುತ್ತವೆ. ಇನ್ನು ಕೆಲವುಗಳಲ್ಲಿ ಹಡಗಿನ ಒಡಲಿಗೇ ತೆಳುವಾದ ಲೋಹದ ಹಾಳೆಯನ್ನು ಹೊದಿಸಿ, ಅದರ ಹಿಂದೆ ಶಾಖ ತಡೆಯುವ ದಪ್ಪ ಪದರಗಳನ್ನು ಇಟ್ಟಿರುತ್ತಾರೆ. ತೊಟ್ಟಿಗೆ ದ್ರವವನ್ನು ಒಮ್ಮೆಗೇ ಸುರಿಯುವಂತಿಲ್ಲ. ಮೊದಲು ಒಳಗಿನ ಗಾಳಿಯನ್ನು ಉರಿಯದ ಅನಿಲದಿಂದ ಹೊರದೂಡಬೇಕು; ಏಕೆಂದರೆ ಮೀಥೇನ್ ಗಾಳಿಯೊಡನೆ ಬೆರೆತಾಗಲೇ ಅಪಾಯ. ಅನಂತರ ಸ್ವಲ್ಪ ಸ್ವಲ್ಪವೇ ದ್ರವವನ್ನು ತುಂತುರಾಗಿ ಸಿಂಪಡಿಸಿ ತೊಟ್ಟಿಯನ್ನು ನಿಧಾನವಾಗಿ ತಂಪುಗೊಳಿಸಬೇಕು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಸುರಿದರೆ ಏನಾಗುವುದೆಂಬುದನ್ನು ಬಲ್ಲವರಿಗೆ ಈ ಎಚ್ಚರಿಕೆಯ ಅರ್ಥ ತಿಳಿಯುತ್ತದೆ.

ಎಷ್ಟೇ ಹೊದಿಕೆಯಿದ್ದರೂ ಹೊರಗಿನ ಶಾಖ ಒಳಕ್ಕೆ ನುಸುಳದಿರದು. ಅದರಿಂದ ದ್ರವದ ಒಂದಂಶ ಪ್ರತಿದಿನವೂ ಕುದಿದು ಆವಿಯಾಗುತ್ತದೆ. 1,38,000 ಘನಮೀಟರು ಹಿಡಿಸುವ ಹಡಗಿನಲ್ಲಿ ಶೇಕಡಾ 0.15ರಂತೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 200 ಘನಮೀಟರು ದ್ರವ ಕರಗಿತು! ಈ ಆವಿಯನ್ನು ವ್ಯರ್ಥಗೊಳಿಸದೆ ಹಡಗಿನ ಯಂತ್ರಕ್ಕೇ ಇಂಧನವಾಗಿ ಕೊಡುತ್ತಾರೆ. ಹೊತ್ತ ಸರಕನ್ನೇ ಒಂದಿಷ್ಟು ತಿಂದು ದಾರಿ ಸವೆಸುವ ವಾಹನವಿದು. ಸರಕನ್ನು ಇಳಿಸುವಾಗಲೂ ತೊಟ್ಟಿಯನ್ನು ಪೂರ್ತಿ ಬರಿದುಮಾಡುವುದಿಲ್ಲ. ಮರುಪ್ರಯಾಣದಲ್ಲಿ ತೊಟ್ಟಿಗಳು ಬಿಸಿಯೇರದಂತೆ ತಳದಲ್ಲಿ ಸ್ವಲ್ಪ ದ್ರವವನ್ನು ಉಳಿಸಿಕೊಳ್ಳುತ್ತಾರೆ.

ಈ ಗುಣದಿಂದಲೇ ಅನಿಲದ ವ್ಯಾಪಾರ ಉಳಿದ ವ್ಯಾಪಾರಗಳಂತಲ್ಲ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಅಂಗಳದಲ್ಲಿ ಕಲ್ಲಿದ್ದಲನ್ನು ರಾಶಿ ಹಾಕಿಡಬಹುದು. ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಬೆಲೆ ಬರುವವರೆಗೆ ಕಾಯಬಹುದು. ದ್ರವಾನಿಲವನ್ನು ಹಾಗೆ ಬಹುಕಾಲ ಕಾದಿಡುವಂತಿಲ್ಲ. ಹಡಗಿನ ಬಾಡಿಗೆಯೂ ದಿನದ ಲೆಕ್ಕದ್ದು. ಸರಕಿದ್ದರೂ ಬಾಡಿಗೆ, ಬರಿದಾಗಿ ಮರಳಿದರೂ ಬಾಡಿಗೆ. ಅನಿಲವನ್ನು ದ್ರವವಾಗಿಸುವ ಕಾರ್ಖಾನೆ, ಹಡಗು, ಮತ್ತೆ ಅನಿಲವಾಗಿಸುವ ಬಂದರು, ಕೊಳವೆಮಾರ್ಗ, ಇವೆಲ್ಲಕ್ಕೂ ಅಪಾರ ಬಂಡವಾಳ ಬೇಕು. ಕೊಳ್ಳುವವನು ನಿಶ್ಚಿತವಾಗಿ ಸಿಗದೆ ಯಾರೂ ಅಷ್ಟು ಹಣವನ್ನು ತೊಡಗಿಸರು. ಆದುದರಿಂದ ಇಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಒಪ್ಪಂದಗಳು ರೂಢಿಯಾದುವು.

ನಮ್ಮ ದೇಶದ ಪೆಟ್ರೊನೆಟ್ ಎಲ್‌ಎನ್‌ಜಿ ಸಂಸ್ಥೆ 1999ರಲ್ಲಿ ಕತಾರ್ ದೇಶದ ರಾಸ್‌ಗ್ಯಾಸ್ ಸಂಸ್ಥೆಯೊಡನೆ ವರ್ಷಕ್ಕೆ 75 ಲಕ್ಷ ಟನ್ ದ್ರವಾನಿಲವನ್ನು ಇಪ್ಪತ್ತೈದು ವರ್ಷ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2004ರ ಜನವರಿಯಲ್ಲಿ 'ದಿಶಾ' ಎಂಬ ಹಡಗು ಗುಜರಾತಿನ ದಹೇಜ್ ಬಂದರಿಗೆ ಮೊದಲ ಸರಕನ್ನು ತಂದಿತು. ಆ ಒಂದು ಹಡಗಿನ ದ್ರವ ಮರಳಿ ಅನಿಲವಾದರೆ ಎಂಟು ಕೋಟಿ ಘನಮೀಟರನ್ನು ಮೀರುತ್ತದೆ. ಇದರ ಬೆಲೆ ಕಟ್ಟುವುದು ಅಳತೆಯ ಮೇಲಲ್ಲ, ಅದರಿಂದ ದೊರೆಯುವ ಶಾಖದ ಮೇಲೆ. ಹಡಗು ದಡ ಸೇರಿದಾಗ ತೊಟ್ಟಿಗಳಲ್ಲಿ ದ್ರವದ ಮಟ್ಟ, ಉಷ್ಣತೆ, ಒತ್ತಡಗಳನ್ನು ಗುರುತಿಸಿ, ಅನಿಲದ ಮಾದರಿಯನ್ನು ಪರೀಕ್ಷಿಸಿ, ಇಳಿಸಿದ ಸರಕಿನಲ್ಲಿ ಎಷ್ಟು ಶಾಖ ಅಡಗಿತ್ತೆಂದು ಎರಡೂ ಪಕ್ಷದವರು ಒಪ್ಪಿದ ಮೇಲೆಯೇ ಹಣದ ಮಾತು.

ನಮ್ಮ ಮನೆಗಳಿಗೆ ವರ್ತನೆಯ ಹಾಲು ಬರುವುದುಂಟು. ನಾವು ಒಂದು ದಿನ ಹಾಲು ಬೇಡವೆಂದರೂ ಹಾಲಿನವರು ಲೆಕ್ಕದಲ್ಲಿ ಬಿಡುವುದಿಲ್ಲ. ಏಕೆಂದರೆ ಅವರ ಎಮ್ಮೆ ಆ ದಿನವೂ ಮೇವು ತಿಂದಿರುತ್ತದೆ. ಅನಿಲದ ಒಪ್ಪಂದದಲ್ಲಿಯೂ ಇಂತಹ ನಿಬಂಧನೆಯಿದೆ. ನಿಗದಿಯಾದಷ್ಟನ್ನು ಕೊಳ್ಳದಿದ್ದರೂ ಹಣ ತೆರಬೇಕು. 2014ರಲ್ಲಿ ಕಚ್ಚಾ ತೈಲದ ಬೆಲೆ ಕುಸಿಯಿತು. ಆದರೆ ಕತಾರಿನ ಅನಿಲದ ಬೆಲೆಯನ್ನು ತೈಲದ ಅನೇಕ ವರ್ಷಗಳ ಸರಾಸರಿಗೆ ಜೋಡಿಸಿದ್ದರಿಂದ ಅದು ಬೇಗ ಇಳಿಯಲಿಲ್ಲ. ಪೇಟೆಯಲ್ಲಿ ಬಿಡಿಯಾಗಿ ದೊರೆಯುವ ಅನಿಲ ಹೆಚ್ಚು ಕಡಿಮೆ ಅರ್ಧ ಬೆಲೆಗೆ ಸಿಗತೊಡಗಿತು. ನಮ್ಮವರು 2015ರಲ್ಲಿ ಒಪ್ಪಂದಕ್ಕಿಂತ ಕಡಿಮೆ ಕೊಂಡರು. ದಂಡದ ಭೀತಿ ಎದುರಾಯಿತು. ಆ ವರ್ಷದ ಕೊನೆಗೆ ಉಭಯರೂ ಕುಳಿತು ಮಾತನಾಡಿ ಬೆಲೆಯ ಸೂತ್ರವನ್ನು ತಿದ್ದಿದರು. ದಂಡವನ್ನು ಕತಾರ್ ಬಿಟ್ಟುಕೊಟ್ಟಿತು. 2022ರಲ್ಲಿ ಯುಕ್ರೇನಿನ ಯುದ್ಧ ತೊಡಗಿದಾಗ ಚಕ್ರ ತಿರುಗಿತು. ಬಿಡಿ ಅನಿಲದ ಬೆಲೆ ಗಗನಕ್ಕೇರಿತು. ಹಳೆಯ ದೀರ್ಘ ಒಪ್ಪಂದವೇ ಆಗ ಆಸರೆಯಾಯಿತು. 2024ರ ಫೆಬ್ರವರಿಯಲ್ಲಿ ಅದೇ ಪ್ರಮಾಣವನ್ನು 2028ರಿಂದ ಮತ್ತೆ ಇಪ್ಪತ್ತು ವರ್ಷ ಕೊಳ್ಳುವ ಹೊಸ ಒಪ್ಪಂದಕ್ಕೆ ಸಹಿ ಬಿದ್ದಿತು. ಮೊದಲ ಒಪ್ಪಂದದಲ್ಲಿ ಹಡಗಿನ ಹೊಣೆ ಕೊಳ್ಳುವವರದಾಗಿತ್ತು. ಹೊಸದರಲ್ಲಿ ಸರಕನ್ನು ನಮ್ಮ ದಡಕ್ಕೆ ಮುಟ್ಟಿಸುವ ಹೊಣೆ ಮಾರುವವರದು.

ಕನ್ನಡ ನಾಡಿಗೆ ಈ ಅನಿಲ ಎರಡು ದಾರಿಗಳಿಂದ ಬಂದಿದೆ. ಮೊದಲನೆಯದು ಮಹಾರಾಷ್ಟ್ರದ ದಾಭೋಲಿನಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೂಲಕ 2013ರಲ್ಲಿ ಬೆಂಗಳೂರನ್ನು ಮುಟ್ಟಿದ ಕೊಳವೆ. ದಾಭೋಲಿನಲ್ಲಿ ಅಲೆಗಳನ್ನು ತಡೆಯುವ ಗೋಡೆ ಪೂರ್ಣವಾಗದಿದ್ದ ಕಾರಣ ಅನೇಕ ವರ್ಷ ಮಳೆಗಾಲದಲ್ಲಿ ಹಡಗುಗಳು ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಯಾವ ಮುಂಗಾರನ್ನು ರೈತನು ಕೈಮುಗಿದು ಕರೆಯುತ್ತಾನೋ ಅದೇ ಮುಂಗಾರು ಅನಿಲದ ಹಡಗಿಗೆ ಅಡ್ಡಿಯಾಯಿತು.

ಎರಡನೆಯ ದಾರಿ ಕೊಚ್ಚಿಯಿಂದ. ಅಲ್ಲಿ 2013ರಲ್ಲಿ ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ನಿಲ್ದಾಣ ಸಿದ್ಧವಾಯಿತು. ಆದರೆ ಮುಂದಕ್ಕೆ ಒಯ್ಯುವ ಕೊಳವೆಯಿಲ್ಲದೆ ವರ್ಷಗಟ್ಟಲೆ ಅದರ ಬಹುಪಾಲು ಸಾಮರ್ಥ್ಯ ನಿರುಪಯುಕ್ತವಾಗಿ ಉಳಿಯಿತು. ಕೆರೆ ತುಂಬಿದ್ದರೂ ಕಾಲುವೆಯಿಲ್ಲದಿದ್ದರೆ ಗದ್ದೆಗೆ ಫಲವೇನು? ಕೊಳವೆ ಹಾಯಬೇಕಾದ ಭೂಮಿಯ ಪ್ರಶ್ನೆಗಳು, ಜನರ ಆತಂಕಗಳು, ದಾರಿಯ ನದಿಗಳು ಒಂದೊಂದಾಗಿ ಇತ್ಯರ್ಥವಾಗಬೇಕಾಯಿತು. ಕನ್ನಡಿಗರು ನೆಲೆಸಿರುವ ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ತಳವನ್ನು ಕೊರೆದು ಕೊಳವೆಯನ್ನು ಹಾಯಿಸಿದ್ದು ಕೊನೆಯ ಕಠಿಣ ಘಟ್ಟಗಳಲ್ಲೊಂದು. 2021ರ ಜನವರಿ 5ರಂದು 450 ಕಿಲೋಮೀಟರುಗಳ ಕೊಚ್ಚಿ–ಮಂಗಳೂರು ಮಾರ್ಗ ಲೋಕಾರ್ಪಣೆಗೊಂಡಿತು.

ಮಂಗಳೂರಿನ ಪಣಂಬೂರಿನಲ್ಲಿ 1976ರಿಂದ ಯೂರಿಯಾ ತಯಾರಿಸುತ್ತ ಬಂದ ಕಾರ್ಖಾನೆಗೆ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. ಕರ್ನಾಟಕದಲ್ಲಿ ಯೂರಿಯಾ ತಯಾರಿಸುವ ಕಾರ್ಖಾನೆ ಅದೊಂದೇ. ಅದು ಬಹುಕಾಲ ನ್ಯಾಫ್ತಾ ಎಂಬ ತೈಲೋತ್ಪನ್ನವನ್ನು ಬಳಸುತ್ತಿತ್ತು. ಅದರಿಂದ ತಯಾರಾದ ಗೊಬ್ಬರದ ವೆಚ್ಚ ಹೆಚ್ಚು; ಸರಕಾರ ಕೊಡಬೇಕಾದ ಸಹಾಯಧನವೂ ಹೆಚ್ಚು. ಕೊಚ್ಚಿಯ ಕೊಳವೆ ಮುಟ್ಟಿದ ಮೇಲೆ ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು.

ರೈತನು ಕೊಡುವ ಬೆಲೆಯನ್ನು ಸರಕಾರ ನಿಗದಿಮಾಡಿದೆ. ಕಡಲಿನಾಚೆ ಅನಿಲದ ಬೆಲೆ ಏರಿದರೂ ಚೀಲದ ಬೆಲೆ ಏರುವುದಿಲ್ಲ. ಹೆಚ್ಚಿದ ಭಾರವನ್ನು ದೇಶದ ಬೊಕ್ಕಸ ಹೊರುತ್ತದೆ. ಬೊಕ್ಕಸವೆಂದರೆ ನಾವೆಲ್ಲರೂ. ಗೊಬ್ಬರ ಅಗ್ಗವೆಂದು ಬೇಕಾದುದಕ್ಕಿಂತ ಹೆಚ್ಚು ಚೆಲ್ಲಿದರೆ ಪೈರು ಅದನ್ನು ಉಣ್ಣುವುದಿಲ್ಲ. ಅದು ಗಾಳಿಗೋ ನೀರಿಗೋ ಸೇರಿ ಹಾಳಾಗುತ್ತದೆ. ಸೊಕ್ಕಿ ಬೆಳೆದ ಪೈರಿಗೆ ಕೀಟಗಳ ಕಾಟವೂ ಹೆಚ್ಚುತ್ತದೆ. ಅಗೆದ ಅನಿಲವನ್ನು ಚಳಿಯಲ್ಲಿ ಕಟ್ಟಿ, ಹನಿಹನಿಯ ಲೆಕ್ಕವಿಟ್ಟು ಕಡಲು ದಾಟಿಸುವವರು ಆವಿಯನ್ನು ಕೂಡ ವ್ಯರ್ಥಮಾಡರು. ಮಣ್ಣನ್ನು ಪರೀಕ್ಷೆಮಾಡಿಸಿ, ಹೊತ್ತರಿತು, ಪ್ರಮಾಣವರಿತು ಗೊಬ್ಬರ ಹಾಕುವ ಒಕ್ಕಲಿಗನದೂ ಅದೇ ವಿವೇಕ. ದೂರದಿಂದ ಬಂದ ವಸ್ತುವಿನ ಬೆಲೆ ಅದರ ಮೇಲೆ ಅಚ್ಚಾದ ಅಂಕಿಗಿಂತ ಯಾವಾಗಲೂ ಹೆಚ್ಚು ಎಂಬುದನ್ನು ನಾವು ಮರೆಯಬಾರದು.