ಹನಿಮೂನ್‌ಗೆ ಯುರೋಪ್ ವೀಸಾ: ತಪ್ಪು ಕಲ್ಪನೆ ಮತ್ತು ಸತ್ಯ

ಮದುವೆ ನಿಶ್ಚಯವಾದ ಮನೆಯಲ್ಲಿ ಛತ್ರ, ಒಡವೆ, ಅಡುಗೆಯವರ ಮಾತಿನ ಜೊತೆಗೆ ಈಗ ಹನಿಮೂನ್‌ ಮಾತೂ ಬರುತ್ತದೆ. ಸ್ವಿಟ್ಜರ್ಲೆಂಡ್, ಪ್ಯಾರಿಸ್ ನೋಡಬೇಕೆಂದು ಆಸೆಪಟ್ಟ ಜೋಡಿಗೆ ಬೇಕಾದದ್ದು ಷೆಂಗೆನ್ ವೀಸಾ. ಸಾಮಾನ್ಯವಾಗಿ ಇದೊಂದಿದ್ದರೆ 29 ದೇಶಗಳಲ್ಲಿ ಓಡಾಡಬಹುದು. ಆದರೆ ಇದರ ಬಗ್ಗೆ ಬಾಯಿಂದ ಬಾಯಿಗೆ ಹರಡಿದ ಹಲವು ಮಾತುಗಳನ್ನು ನಂಬಿದರೆ ಹಣವೂ ಹೋಗುತ್ತದೆ, ರಜೆಯೂ ಹಾಳಾಗುತ್ತದೆ.

ತಪ್ಪು ಕಲ್ಪನೆ: ಗಂಡನ ಅರ್ಜಿಯಲ್ಲೇ ಹೆಂಡತಿಯ ಹೆಸರು ಸೇರಿಸಿದರೆ ಸಾಕು.
ಸತ್ಯ: ಹನಿಮೂನ್‌ಗೆಂದು ಬೇರೆ ವೀಸಾ ಇಲ್ಲ, ಇರುವುದು ಪ್ರವಾಸಿ ವೀಸಾ. ಇಬ್ಬರೂ ಪ್ರತ್ಯೇಕ ಅರ್ಜಿ ಹಾಕಬೇಕು, ಪ್ರತ್ಯೇಕ ಶುಲ್ಕ ಕಟ್ಟಬೇಕು. 2024ರ ಜೂನ್‌ನಿಂದ ವಯಸ್ಕರಿಗೆ ತಲಾ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಅರ್ಜಿ ತಿರಸ್ಕೃತವಾದರೆ ಈ ಹಣ ವಾಪಸ್ ಬರುವುದಿಲ್ಲ.

ತಪ್ಪು ಕಲ್ಪನೆ: ಮೊದಲು ಹುಡುಗಿಯ ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಬರಬೇಕು.
ಸತ್ಯ: ಬೇಕಿಲ್ಲ. ತವರಿನ ಹೆಸರಿನ ಪಾಸ್‌ಪೋರ್ಟ್‌ನಲ್ಲೇ ಹೋಗಬಹುದು. ಟಿಕೆಟ್, ವಿಮೆ, ಹೋಟೆಲ್ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಇರಲಿ. ಒಬ್ಬರ ಖರ್ಚನ್ನು ಇನ್ನೊಬ್ಬರು ನೋಡಿಕೊಳ್ಳುವುದಾದರೆ ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ ನೆರವಿಗೆ ಬರುತ್ತದೆ. ಮದುವೆಗೆ ಮುಂಚೆಯೇ ಅರ್ಜಿ ಹಾಕುತ್ತಿದ್ದೀರಾ? ಆ ದಿನಕ್ಕೆ ನಿಜವಿರುವಂತೆ ‘ಅವಿವಾಹಿತ’ ಎಂದೇ ತುಂಬಿ, ಮದುವೆಯ ದಿನಾಂಕವನ್ನು ಪತ್ರದಲ್ಲಿ ತಿಳಿಸಿ, ಲಗ್ನಪತ್ರಿಕೆ ಲಗತ್ತಿಸಿ.

ತಪ್ಪು ಕಲ್ಪನೆ: ಸುಲಭವಾಗಿ ವೀಸಾ ಕೊಡುವ ದೇಶಕ್ಕೆ ಅರ್ಜಿ ಹಾಕಿ, ಬೇಕಾದಲ್ಲಿ ಸುತ್ತಬಹುದು.
ಸತ್ಯ: ಎಲ್ಲಿ ಹೆಚ್ಚು ದಿನ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ. ಪ್ಯಾರಿಸ್‌ನಲ್ಲಿಳಿದು ಅಲ್ಲಿ ಮೂರು ದಿನ, ಸ್ವಿಟ್ಜರ್ಲೆಂಡ್‌ನಲ್ಲಿ ಐದು ದಿನ ಎಂದಾದರೆ ಅರ್ಜಿ ಸ್ವಿಟ್ಜರ್ಲೆಂಡ್‌ಗೆ. ಎರಡೂ ಕಡೆ ನಾಲ್ಕು ನಾಲ್ಕು ದಿನವಾದರೆ ಮೊದಲು ಕಾಲಿಡುವ ಫ್ರಾನ್ಸ್‌ಗೆ. ಸುಳ್ಳು ಪ್ರವಾಸಪಟ್ಟಿ ಕೊಟ್ಟದ್ದು ಗಡಿಯಲ್ಲಿ ಗೊತ್ತಾದರೆ ಒಳಗೆ ಬಿಡದೆ ವಾಪಸ್ ಕಳಿಸಬಹುದು.

ತಪ್ಪು ಕಲ್ಪನೆ: ಖಾತೆಯಲ್ಲಿ ದೊಡ್ಡ ಮೊತ್ತ ಕಂಡರೆ ವೀಸಾ ಖಂಡಿತ.
ಸತ್ಯ: ಅಧಿಕಾರಿ ಕೊನೆಯ ಸಾಲಿನ ಮೊತ್ತವನ್ನಷ್ಟೇ ಅಲ್ಲ, ತಿಂಗಳುಗಳ ವಹಿವಾಟನ್ನೂ ಓದುತ್ತಾರೆ. ಪ್ರತಿ ತಿಂಗಳು ಸಂಬಳ ಬಂದು, ಬಾಡಿಗೆ, ಸಾಲದ ಕಂತು ಹೋಗಿ ಸ್ವಲ್ಪ ಉಳಿಯುವ ಖಾತೆಗೆ, ಅರ್ಜಿಗೆ ನಾಲ್ಕು ದಿನವಿರುವಾಗ ಮೂರು ಲಕ್ಷ ಬಂದು ಬಿದ್ದರೆ ಇದು ಸಾಲ ತಂದು ತೋರಿಸಿದ ಹಣವೇ ಎಂಬ ಅನುಮಾನ ಸಹಜ. ನಮ್ಮಲ್ಲಿ ಮದುವೆಯ ಮುಯ್ಯಿಯ ಹಣ ಹೀಗೆ ಒಂದೇ ಸಲ ಖಾತೆ ಸೇರುತ್ತದೆ. ಅದರಲ್ಲಿ ತಪ್ಪೇನಿಲ್ಲ, ವಿವರಣೆಯಿಲ್ಲದೆ ಬಿಡುವುದು ತಪ್ಪು. ಹಣದ ಮೂಲವನ್ನು ಎರಡು ಸಾಲಿನಲ್ಲಿ ಬರೆಯಿರಿ. ತಂದೆಯೋ ಮಾವನೋ ಕೊಟ್ಟಿದ್ದರೆ ಅವರ ಪತ್ರ ಇಡಿ. ಮರಳಿ ಬರುವಿರಿ ಎನ್ನುವುದಕ್ಕೆ ಕಚೇರಿಯ ರಜೆ ಮಂಜೂರಾತಿ ಪತ್ರಕ್ಕೂ ಅಷ್ಟೇ ತೂಕವಿದೆ.

ತಪ್ಪು ಕಲ್ಪನೆ: ಮೊದಲು ಟಿಕೆಟ್ ಕೊಂಡುಬಿಡಬೇಕು, ವೀಸಾ ವಾರದಲ್ಲಿ ಬರುತ್ತದೆ.
ಸತ್ಯ: ಸಾಮಾನ್ಯವಾಗಿ ಹೋಗಿಬರುವ ಟಿಕೆಟ್‌ನ ಕಾಯ್ದಿರಿಸುವಿಕೆ ಸಾಕು. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವೈದ್ಯಕೀಯ ವಿಮೆ ಮಾತ್ರ ಬೇಕೇ ಬೇಕು. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯ ಗಡುವು 15 ದಿನ, ಅದು 45 ದಿನಕ್ಕೂ ಹೋಗಬಹುದು. ಬೇಸಿಗೆಗೆ ಮುನ್ನ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ತಪ್ಪು ಕಲ್ಪನೆ: ಏಜೆಂಟರಿಗೆ ಒಳಗೆ ಪರಿಚಯವಿರುತ್ತದೆ, ಒಮ್ಮೆ ತಿರಸ್ಕಾರವಾದರೆ ಮುಗಿಯಿತು.
ಸತ್ಯ: ಏಜೆಂಟರಿಗಿರಲಿ, ಅರ್ಜಿ ಪಡೆಯುವ ಕೇಂದ್ರದವರಿಗೂ ತೀರ್ಮಾನದ ಅಧಿಕಾರವಿಲ್ಲ. ಅದು ಆಯಾ ದೇಶದ ರಾಯಭಾರ ಅಥವಾ ದೂತಾವಾಸ ಕಚೇರಿಯದು. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡುತ್ತಾರೆ; ಮೇಲ್ಮನವಿ ಸಲ್ಲಿಸಬಹುದು, ಕೊರತೆ ಸರಿಪಡಿಸಿ ಹೊಸ ಅರ್ಜಿಯನ್ನೂ ಹಾಕಬಹುದು. ನಿಜವಾದ ಹಾನಿ ಖೋಟಾ ದಾಖಲೆಯಿಂದ. ಅದು ಸಿಕ್ಕಿಬಿದ್ದರೆ ಮುಂದಿನ ಅರ್ಜಿಗಳ ಮೇಲೂ ಅನುಮಾನ ಉಳಿಯುತ್ತದೆ.

ಆದ್ದರಿಂದ ಅರ್ಜಿಯನ್ನು ಯಾರಿಂದಲೇ ತುಂಬಿಸಿ, ಸಹಿ ಹಾಕುವ ಮುನ್ನ ಇಬ್ಬರೂ ಕೂತು ಪ್ರತಿ ಪುಟ ಓದಿ. ಸಹಿ ನಿಮ್ಮದು, ಅದರಲ್ಲಿರುವುದಕ್ಕೆಲ್ಲ ಹೊಣೆಯೂ ನಿಮ್ಮದೇ.